ಜಗಳಾಡಲಿಕ್ಕೊಂದು ಗಣಿತದ ಪುಸ್ತಕ

ಆ ಭಾನುವಾರ ಯರಗುಪ್ಪಿಯ ನಮ್ಮ ಮನೆಯ ಪಡಸಾಲೆಯಲ್ಲಿ ಯಾರಾರು ಇದ್ದರೆಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮಾತಿನ ಗದ್ದಲದಲ್ಲಿ ನೀವು ದಾರಿ ತಪ್ಪಬಾರದು. ಕಂಬಕ್ಕೆ ಬೆನ್ನು ಕೊಟ್ಟು ನಮ್ಮ ಮಾವನವರು ಕೂತಿದ್ದರು. ಅಡುಗೆಮನೆಯ ಹೊಸ್ತಿಲ ಮೇಲೆ, ಮೊರದ ತುಂಬ ಕಡಲೆ ಹಿಡಿದು, ನಮ್ಮ ಅತ್ತೆ. ಮನೆಗಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹುಬ್ಬಳ್ಳಿಯಿಂದ ಬಂದ ನನ್ನ ಮೈದುನ ಶಿವಾನಂದ. ಬ್ಯಾಂಕಿನಲ್ಲಿ ಕೆಲಸ, ಆದ್ದರಿಂದ ಕುರ್ಚಿ ಅವನದೇ. ಚಾಪೆಯ ಮೇಲೆ ಕುಂದಗೋಳದ ನದಾಫ ಸರ್. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಒಂದು ಕಾಲಕ್ಕೆ ನಮ್ಮ ಮನೆಯವರ ಕಿವಿಯನ್ನೂ ಶಿವಾನಂದನ ಕಿವಿಯನ್ನೂ ಸಮನಾಗಿ ಹಿಂಡಿದವರು. ಆ ಹಳೆಯ ಭಯಕ್ಕೋ ಏನೋ ನಮ್ಮ ಮನೆಯವರು ಮಾತ್ರ ಬಾಗಿಲಿಗೆ ಆತು ನಿಂತೇ ಇದ್ದರು. ಮಂಚದ ಮೇಲೆ, ಸೂರು ನೋಡುತ್ತ ಅಂಗಾತ ಮಲಗಿದ್ದವಳು ನನ್ನ ಮಗಳು ನೀಲಾ. ಇನ್ನು ನಾನು. ಚಹಾ ಕೊಡುವ ನೆಪದಲ್ಲಿ ಎಲ್ಲರ ಮಾತಿಗೂ ಕಿವಿ ಕೊಟ್ಟವಳು.

ನಡುವೆ ಮಡಿ ಟವೆಲ್ಲಿನ ಮೇಲೆ ಮೂರು ಗಣಿತದ ಪುಸ್ತಕ.

ಹೊರಗಿನಿಂದ ನೋಡಿದವರಿಗೆ ಅದು ಕನ್ಯೆ ನೋಡುವ ಶಾಸ್ತ್ರದ ಹಾಗೆಯೇ ಕಂಡಿರಬೇಕು. ಹಿರಿಯರು ಒಂದೊಂದೇ ಪುಸ್ತಕ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡುವುದು, ಬೆನ್ನು ತಟ್ಟುವುದು, "ಬಣ್ಣೇನೋ ಛಲೋ ಐತಿ, ಗುಣಾ ಹೆಂಗೋ" ಅನ್ನುವುದು. ಒಂದು ಮಾತ್ರ ಉಲ್ಟಾ. ಯಾರಿಗೋಸ್ಕರ ಈ ಎಲ್ಲ ಶಾಸ್ತ್ರವೋ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನೋಡಿ, ಅಷ್ಟರಮಟ್ಟಿಗೆ ಉಲ್ಟಾ ಕೂಡ ಅಲ್ಲ.

ಈಗ ಇದೆಲ್ಲ ಯಾಕೆ ನೆನಪಾಯಿತೆಂದರೆ, ನಾನು ಊರಿನ ಗ್ರಂಥಾಲಯ ನೋಡಿಕೊಳ್ಳುವವಳು. ಮೊನ್ನೆ ಪುಸ್ತಕದ ಧೂಳು ಜಾಡಿಸುತ್ತಿದ್ದಾಗ ಕುಬಿಹಾಳದ ಕಡೆಯ ಒಬ್ಬ ತಾಯಿ ಬಂದು, "ಅಕ್ಕಾರ, ನಿಮ್ಮ ನೀಲಾನ್ನ ಮನ್ಯಾಗ ಓದ್ಸೀರಂತಲ್ಲ. ಗಣಿತಕ್ಕ ಯಾವ ಪುಸ್ತಕ ಇಟ್ಟಿದ್ರಿ?" ಎಂದು ಕೇಳಿದಳು. ಒಂದು ಪುಸ್ತಕದ ಹೆಸರು ಹೇಳಿದರೆ ಮುಗಿಯುವ ಪ್ರಶ್ನೆ. ನನಗೆ ಅಷ್ಟರಲ್ಲಿ ಮುಗಿಸಲು ಬರುವುದಿಲ್ಲ. ನನ್ನನ್ನು ಬೆಳೆಸಿದ ನನ್ನಜ್ಜಿಗೂ ಬರುತ್ತಿರಲಿಲ್ಲ. ಅವಳನ್ನು ಹೊತ್ತೆಷ್ಟಾಯಿತೆಂದು ಕೇಳಿದರೆ, ಬೆಳಿಗ್ಗೆ ಎಮ್ಮೆ ಯಾಕೆ ಹಾಲು ಕೊಡಲಿಲ್ಲ ಎಂಬಲ್ಲಿಂದ ಶುರು ಮಾಡುತ್ತಿದ್ದಳು. ನನಗೆ ಬಂದ ಆಸ್ತಿ ಅದೊಂದೇ.

ನೀಲಾ ಆರನೆಯ ಇಯತ್ತೆ ಮುಗಿಸುವಷ್ಟರಲ್ಲಿ ಬೆನ್ನುನೋವೆಂದು ಕೂತಳು. ನಾವು ಎಣ್ಣೆ ಹಚ್ಚಿದೆವು, ಕಾವು ಕೊಟ್ಟೆವು, ಚೀಲ ಭಾರ ಎಂದೆವು. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನೆಲುಬಿಗೆ ಟಿ.ಬಿ. ತಗುಲಿದೆ, ಹೆದರಬೇಡಿ, ಮದ್ದಿಗೆ ಬಗ್ಗುವ ರೋಗ, ಆದರೆ ಹುಡುಗಿ ಬಹಳ ಕಾಲ ಮಲಗಿರಬೇಕು, ಆಮೇಲೂ ಬೆಲ್ಟ್ ಕಟ್ಟಿಕೊಂಡು ನಿಧಾನವಾಗಿ ಓಡಾಡಬೇಕು ಅಂದರು. ಶಾಲೆಯ ಮಾತು ಎತ್ತಿದರೆ, "ಮೊದಲು ಬೆನ್ನು, ಆಮ್ಯಾಲೆ ಬೆಂಚು" ಅಂದರು. ಬೆಂಚಿಲ್ಲದ ಶಾಲೆ ಮನೆಯಲ್ಲೇ ತೆರೆಯಬೇಕಾಯಿತು.

ಕನ್ನಡ ನನ್ನದು, ಬಿ.ಎ. ಮಾಡಿದ್ದೇನೆ. ಸಮಾಜ, ವಿಜ್ಞಾನ ಓದಿ ಹೇಳಿದರೆ ಆಯಿತು. ಹಿಂದಿಗೆ ಟಿ.ವಿ. ಇದೆ. ಉಳಿದದ್ದು ಗಣಿತ. ನನಗೂ ಗಣಿತಕ್ಕೂ ಎಣ್ಣೆ ಸೀಗೆಕಾಯಿ. ನಾನು ಕಲಿತ ಕುಬಿಹಾಳದ ಶಾಲೆಯಲ್ಲಿ ಸಂಜೆ ಬಿಡುವ ಹೊತ್ತಿಗೆ ಮಾಸ್ತರರು ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರಿಗೂ ಒಂದೊಂದು ಬಾಯಿಲೆಕ್ಕ ಕೇಳುತ್ತಿದ್ದರು. ಸರಿ ಹೇಳಿದವರು ಹಾರಿ ಮನೆಗೆ. ನಾನು ಯಾವಾಗಲೂ ಕಡೆಯವಳು. ಗೆಳತಿಯೊಬ್ಬಳು ಹೊರಗಿನ ಕಿಟಕಿಯಿಂದ ಬೆರಳು ತೋರಿಸುತ್ತಿದ್ದಳು. ಹತ್ತರ ಮೇಲಿನ ಉತ್ತರವಾದರೆ ಅವಳ ಬೆರಳು ಸಾಲುತ್ತಿರಲಿಲ್ಲ. ಹಾಗೆ ಉಳಿದ ಸಂಜೆ ಮಾಸ್ತರರ ಹೆಂಡತಿ ಕನಿಕರಪಟ್ಟು ಹುರಿದ ಶೇಂಗಾ ಕೊಡುತ್ತಿದ್ದರು. ಗಣಿತ ನನಗೆ ಕೊಟ್ಟದ್ದು ಶೇಂಗಾ ಒಂದೇ. ಅದರ ಋಣಕ್ಕೂ ನಾನು ಮಗಳಿಗೆ ಗಣಿತ ಕಲಿಸಲು ಧೈರ್ಯ ಮಾಡಬಾರದಿತ್ತು.

ಅದಕ್ಕೇ ಈ ಭಾನುವಾರದ ಸಭೆ.

ಮೊದಲನೆಯ ಪುಸ್ತಕ ನಮ್ಮೂರ ಶಾಲೆಯವರೇ ಕೊಟ್ಟದ್ದು, ಸರಕಾರದ್ದು, ಕನ್ನಡದ್ದು. ಸಾದಾ ಸೀದಾ ಮುಖ, ನಮ್ಮ ಓಣಿಯ ಹುಡುಗಿಯಂಥದ್ದು. ಎರಡನೆಯದು ಶಿವಾನಂದ ಹುಬ್ಬಳ್ಳಿಯಿಂದ ತಂದ ಕೇಂದ್ರ ಪಠ್ಯಕ್ರಮದ ಪುಸ್ತಕ. ಇಂಗ್ಲಿಷು, ಬಣ್ಣಬಣ್ಣದ ಚಿತ್ರ. ಮೂರನೆಯದು ಪುಸ್ತಕವೇ ಅಲ್ಲ. ನಾನು ಮೊಬೈಲಿನಲ್ಲಿ ಹುಡುಕಿ, ಕುಂದಗೋಳದ ಝೆರಾಕ್ಸ್ ಅಂಗಡಿಯಲ್ಲಿ ಹಾಳೆ ತೆಗೆಸಿ, ಹೊಲಿದು ತಂದದ್ದು. ಅಮೆರಿಕದಲ್ಲಿ ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಾಯಂದಿರಿಗಾಗಿ ಮಾಡಿದ್ದು. ಅದರ ವೀಡಿಯೋದಲ್ಲಿ ಒಬ್ಬ ತಾಯಿ ಸಾಲು ಮಕ್ಕಳನ್ನು ಕೂರಿಸಿಕೊಂಡು ನಗುನಗುತ್ತ ಭಿನ್ನರಾಶಿ ಹೇಳುತ್ತಾಳೆ. ಅವಳ ಹಿಂದಿನ ಅಡುಗೆಮನೆ ಎಷ್ಟು ಚೊಕ್ಕ ಇತ್ತೆಂದರೆ, ನಾನು ಲೆಕ್ಕ ಬಿಟ್ಟು ಅವಳು ರೊಟ್ಟಿ ಎಲ್ಲಿ ಬಡಿಯುತ್ತಾಳೆಂದು ನೋಡುತ್ತ ಕೂತಿದ್ದೆ.

ಶಿವಾನಂದ ಗಂಟಲು ಸರಿಮಾಡಿಕೊಂಡ. ತಾನೇ ಒಂದು ಪುಸ್ತಕ ತಂದಿದ್ದರೂ ಅವನದು ನಾಲ್ಕನೆಯ ಸಲಹೆ.

"ವೈನಿ, ನಾ ಒಂದ ಮಾತ ಹೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಯಾ ಪುಸ್ತಕನೂ ಬ್ಯಾಡ. ಮುಂದ ಹತ್ತನೇತ್ತೆ ಕಟ್ಟಬೇಕಾದ್ರ ಮುಕ್ತ ಶಾಲಿ ಪರೀಕ್ಷಾ ಐತಿ. ಅದರಾಗ ಗಣಿತ ಬೇಕs ಬೇಕು ಅಂತಿಲ್ಲ. ಬಿಟ್ಟು ಬ್ಯಾರೆ ವಿಷಯ ತಗೋಬೌದು. ಮೊದಲs ಬೆನ್ನ ನೋವು, ಮ್ಯಾಲೆ ತಲಿ ನೋವ ಯಾಕ?"

"ಗಣಿತ ಬಿಟ್ರ ಮುಂದ ಏನ ಓದೂದು?" ನಮ್ಮ ಮನೆಯವರು ಕೇಳಿದರು.

"ಕಲಾ ಓದ್ಲಿ. ಫೇಲ್ ಆಗಿ ಮನ್ಯಾಗ ಕೂಡೂದಕ್ಕಿಂತ ಪಾಸ್ ಆಗಿ ಕಲಾ ಓದೂದು ಛಲೋ ಅಲ್ಲೇನಪಾ ಅಣ್ಣಾ?"

ಮಾತು ಕೆಟ್ಟದ್ದಾಗಿರಲಿಲ್ಲ, ಅದೇ ಕಷ್ಟ. ಅಣ್ಣನ ಮಗಳ ಮೇಲಿನ ಪ್ರೀತಿಗೇ ಅವನು ಹೇಳಿದ್ದು. ಗಣಿತ ಇಟ್ಟುಕೊಂಡು ಹತ್ತನೆಯದು ಕೆಟ್ಟರೆ ವರ್ಷ ಹೋಗುತ್ತದೆ, ಓಣಿಯಲ್ಲಿ "ಮಲಗಿದ ಹುಡುಗಿ" ಅನ್ನುವ ಹೆಸರು ಗಟ್ಟಿಯಾಗುತ್ತದೆ. ಬಿಟ್ಟರೆ ಪಾಸಾಗುತ್ತಾಳೆ, ಆದರೆ ವಿಜ್ಞಾನದ ಬಾಗಿಲು ಮುಚ್ಚಿತು. ಹನ್ನೆರಡು ವಯಸ್ಸಿಗೇ ಅವಳ ಒಂದು ಬಾಗಿಲನ್ನು ನಾವು ಅಗಳಿ ಹಾಕಿ ಕೂರುವುದೇ? ಮಂಚದ ಕಡೆ ನೋಡಿದೆ. ನೀಲಾ ಸೂರಿನ ಜಂತಿ ಎಣಿಸುತ್ತಿದ್ದಳು.

ನದಾಫ ಸರ್ ಚಹಾದ ಬಟ್ಟಲು ಕೆಳಗಿಟ್ಟರು. "ಶಿವ್ಯಾ, ನೀ ಆಗೂ ಹಿಂಗs ಇದ್ದಿ. ಗಣಿತ ಸೋಡ್ಕೆ ಭಾಗೋ, ಬಿಟ್ಟು ಓಡೂದು. ನೋಡ್ರಿ, ಯಾವುದನ್ನೂ ಇವತ್ತ ಬಿಡೂದು ಬ್ಯಾಡ, ಹಿಡಿಯೂದೂ ಬ್ಯಾಡ. ಮೂರೂ ಪುಸ್ತಕದಾಗ ಒಂದs ಪಾಠ ತಗೋರಿ. ಭಿನ್ನರಾಶಿ, ದಶಾಂಶದ್ದು. ಹುಡುಗಿ ಮೂರನ್ನೂ ಮಾಡಿ ನೋಡ್ಲಿ. ಆಮ್ಯಾಲೆ ನಾ ಬರ್ತೀನಿ. ಆಗ ಫೈಸಲಾ ಮಾಡೂಣು."

ನಿವೃತ್ತ ಮಾಸ್ತರರ ಫೈಸಲಾಕ್ಕೆ ಅಪೀಲಿಲ್ಲ. ಹಾಗೇ ಆಯಿತು.

ಮಲಗಿದವಳು ಲೆಕ್ಕ ಬರೆಯುವುದು ಹೇಗೆ? ನೀವು ಬೇಕಾದರೆ ಅಂಗಾತ ಮಲಗಿ ಬಾಲ್‌ಪೆನ್ನಿನಿಂದ ಬರೆದು ನೋಡಿ. ನಾಲ್ಕು ಅಕ್ಷರಕ್ಕೆ ಮಸಿ ಇಳಿಯುವುದು ನಿಂತುಹೋಗುತ್ತದೆ. ನಮ್ಮ ಮನೆಯವರು ಜಂತಿಗೆ ಹಗ್ಗ ಕಟ್ಟಿ ಒಂದು ಹಲಿಗೆಯನ್ನು ತೊಟ್ಟಿಲಿನ ಹಾಗೆ ಅವಳ ಮುಖದ ಮೇಲೆ ತೂಗುಬಿಟ್ಟರು. ಮೊದಲು ಸುಣ್ಣದ ಕಡ್ಡಿಯಿಂದ ಬರೆಸಿದೆವು. ಪುಡಿ ಕಣ್ಣಿಗೆ ಬಿದ್ದು, ಭಾಗಾಕಾರಕ್ಕೆ ಅತ್ತಳೋ ಪುಡಿಗೆ ಅತ್ತಳೋ ತಿಳಿಯದಾಯಿತು. ಆಮೇಲೆ ಹಲಿಗೆಗೆ ಕಾಗದ ಸಿಕ್ಕಿಸಿ ಪೆನ್ಸಿಲ್ ಕೊಟ್ಟೆವು. ಪೆನ್ಸಿಲಿಗೆ ಮೇಲು ಕೆಳಗೆಂಬ ಭೇದವಿಲ್ಲ. ಕೈ ಸೋತಾಗ ಬಾಯಿಲೆಕ್ಕ. ಅದಕ್ಕೆ ಮಾವನವರಿದ್ದರು. ಅವರು ಕಲಿತದ್ದು ಹಳೆಯ ಮುಂಬಯಿ ಕಡೆಯ ಮಗ್ಗಿ. "ದೀಡ ಒಂದ್ಲೆ ದೀಡ, ದೀಡ ಎರಡ್ಲೆ ಮೂರು, ದೀಡ ಮೂರ್ಲೆ ಸಾಡೇನಾಕು" ಎಂದು ಒಂದೂವರೆಯ ಮಗ್ಗಿ ಹೇಳುತ್ತ ಅವರು ಎಲೆ ಅಡಿಕೆ ಹಾಕಿಕೊಂಡರೆ, ಮಂಚದಿಂದ ನೀಲಾ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ನನ್ನ ಲಟ್ಟಣಿಗೆಯೂ ಅದೇ ತಾಳಕ್ಕೆ ಬಿದ್ದುಬಿಡುತ್ತಿತ್ತು.

ಅಮೆರಿಕದ ಹಾಳೆಗಳನ್ನು ಮೊದಲು ಹಿಡಿದೆವು. ನಾನು ಕನ್ನಡ ಮಾಡಿ ಹೇಳಬೇಕು. ಅವರ ತೂಕ ಬಂದಾಗ, ಹದಿನಾರು ಔನ್ಸಿಗೆ ಒಂದು ಪೌಂಡು ಎಂದು ಓದಿದೆ. ಮಾವನವರು ಎಲೆಯ ಸಂಚಿ ಬದಿಗಿಟ್ಟರು.

"ಏನಂದಿ? ಹದಿನಾರಕ್ಕ ಒಂದ?"

"ಹೌದ್ರಿ ಮಾವ."

"ಹದಿನಾರು ಚಟಾಕಿಗೆ ಒಂದು ಸೇರು, ಹದಿನಾರಾಣೆಕ್ಕ ಒಂದು ರೂಪಾಯಿ. ಇದs ಖರೇ ಲೆಕ್ಕ. ನಮ್ಮ ಸರಕಾರದವ್ರು ಬಿಟ್ಟಬಿಟ್ರು, ಅವರು ಹಿಡಕೊಂಡಾರ. ಶಾಣ್ಯಾ ಮಂದಿ. ಇದನ್ನs ಇಡ್ರಿ."

ಹೀಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು, ಧೋತರ ಬಿಟ್ಟು ಬೇರೆ ಉಡದವರು, ಅಮೆರಿಕದ ಪಕ್ಷ ವಹಿಸಿದರು. ಆದರೆ ಮುಂದಿನ ಪುಟಗಳಲ್ಲಿ ಮೈಲು, ಗ್ಯಾಲನ್ನು, ನಾವು ಕಾಣದ ಹಬ್ಬ, ನಾವು ತಿನ್ನದ ಕೋಳಿ. ಪ್ರತಿ ಲೆಕ್ಕಕ್ಕೂ ನಾನು ಮೊದಲು ಊರು ಪರಿಚಯ ಮಾಡಿಸಬೇಕಾಗುತ್ತಿತ್ತು. ಊರು ಪರಿಚಯವಾಗುವಷ್ಟರಲ್ಲಿ ಲೆಕ್ಕ ಮರೆತಿರುತ್ತಿತ್ತು.

ಶಿವಾನಂದನ ಪುಸ್ತಕದಲ್ಲಿ ಭಿನ್ನರಾಶಿಗೆ ದುಂಡಗಿನ ತಿಂಡಿಯ ಚಿತ್ರವಿತ್ತು, ಎಂಟು ತುಂಡು ಮಾಡಿದ್ದು. ಅತ್ತೆ ಬಗ್ಗಿ ನೋಡಿ, "ಇದೇನs ಯವ್ವಾ, ಉತ್ತಪ್ಪನ ಕೊಡ್ಲಿಲೆ ಕಡದಂಗ ಕಡದಾರ" ಅಂದರು. ನಾನು, "ರೊಟ್ಟಿ ಅಂತ ತಿಳಕೋರಿ ಅತ್ತಿ, ಎಂಟು ಸಮ ಪಾಲು" ಅಂದೆ. "ರೊಟ್ಟಿ ಯಾರರ ಕೊಯ್ತಾರೇನ? ಮುರೀತಾರ. ಮುರದ್ರ ಸಮ ಬರ್ತಾವೇನ? ಹಸದಾವಗ ದೊಡ್ಡದು, ಉಂಡಾವಗ ಸಣ್ಣದು" ಎಂದು ಅತ್ತೆ ಕಡಲೆ ಹಸನು ಮಾಡುತ್ತ ಹೋದರು. ಪುಸ್ತಕ ಮಾತ್ರ ಒಳ್ಳೆಯದು, ಇವತ್ತಿಗೂ ಹೇಳುತ್ತೇನೆ. ಆದರೆ ನೀಲಾ ಅದನ್ನು ಓದುವಾಗ ಮನೆ ಸುಮ್ಮನಾಗಿಬಿಡುತ್ತಿತ್ತು. ಇಂಗ್ಲಿಷ್ ಬಂದಲ್ಲಿ ನಮ್ಮ ಮಂದಿ ಚಪ್ಪಲಿ ಹೊರಗೆ ಬಿಟ್ಟವರ ಹಾಗೆ ಕೂತುಬಿಡುತ್ತಾರೆ.

ಕಡೆಗೆ ಸರಕಾರದ ಪುಸ್ತಕ. ಅದರಲ್ಲಿ ಒಂದು ಕೂಡಿಸುವ ಲೆಕ್ಕ: ಎರಡು ಚುಕ್ಕಿ ಇಪ್ಪತ್ತು, ಒಂದು ಚುಕ್ಕಿ ಇಪ್ಪತ್ತು. ನೀಲಾ ಹಲಿಗೆಯ ಮೇಲೆ ಥಟ್ಟನೆ ನಾಲ್ಕು ಎಂದು ಬರೆದಳು. ನಾನು ಹಿಂದಿನ ಪುಟ ತೆಗೆದು ನೋಡಿದೆ. ಮೂರು ಚುಕ್ಕಿ ನಲವತ್ತು ಎಂದಿತ್ತು.

"ತಪ್ಪಾತು ನೀಲಾ."

"ಹೆಂಗ ತಪ್ಪಾಕೈತಿ?" ಎಂದವರು ಮಾವನವರು. "ಎರಡು ಎಕರೆ ಇಪ್ಪತ್ತು ಗುಂಟೆ, ಒಂದು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಕ್ಕ ಒಂದು ಎಕರೆ. ಒಟ್ಟು ನಾಕ. ಮೂರೆಕರೆ ನಲವತ್ತು ಗುಂಟೆ ಅಂತ ಬರದ್ರ ತಲಾಟಿ ನಗ್ತಾನ."

ನಮ್ಮ ಮನೆಯವರು ಒಳಗಿನಿಂದ ಹೊಲದ ಉತಾರ, ಅಂದರೆ ಪಹಣಿ, ತಂದೇಬಿಟ್ಟರು. ಅದರಲ್ಲಿ ಎಕರೆ ಮುಂದೆ ಚುಕ್ಕಿ, ಚುಕ್ಕಿಯ ಮುಂದೆ ಗುಂಟೆ, ಕಣ್ಣಿಗೆ ಕಟ್ಟಿದ ಹಾಗೆ. ನಾನೂ ನೋಡಿದೆ. ಹೌದಲ್ಲ ಅನ್ನಿಸಿತು. ಬಿ.ಎ. ಓದಿದವಳು, ಗ್ರಂಥಾಲಯದವಳು, ಪುಸ್ತಕದಲ್ಲಿ ಅಚ್ಚಿನ ತಪ್ಪು ಎಂದು ಇಲಾಖೆಗೆ ಒಂದು ಕಾಗದ ಬರೆಯಬೇಕೆಂದು ಮನಸ್ಸಿನಲ್ಲೇ ಒಕ್ಕಣೆ ಶುರು ಮಾಡಿದೆ. ಕಪ್ಪು ಮಣ್ಣಿನಲ್ಲಿ ಹುಟ್ಟಿದವರಿಗೆ ಚುಕ್ಕಿ ಎಂದರೆ ಗುಂಟೆಯೇ. ಮೂರು ತಲೆಮಾರು ಕೂಡಿ ಒಂದು ಪಠ್ಯಪುಸ್ತಕವನ್ನು ಆ ದಿನ ಫೇಲು ಮಾಡಿದೆವು.

ನದಾಫ ಸರ್ ಬಂದರು. ವಿಷಯ ಕೇಳಿದರು. ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟು ನಗಲು ಶುರು ಮಾಡಿದರೆ ನಿಲ್ಲುವ ಲಕ್ಷಣವಿಲ್ಲ. ಮಾವನವರಿಗೆ ಸಿಟ್ಟು ಬಂತು.

"ಯಾಕ ನಗ್ತೀರಿ ಮಾಸ್ತರ? ನಿಮ್ಮ ಹೊಲಾ ಎಷ್ಟ ಗುಂಟೆಕ್ಕ ಎಕರೆ?"

"ಅಲ್ರೀ ಗೌಡ್ರ, ನಾ ನಿಮಗ ನಗವಲ್ಲೆ" ಎಂದು ಸರ್ ಕಣ್ಣೊರೆಸಿಕೊಂಡು ಏನೋ ವಿವರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಮಂಚದಿಂದ ಮಾತು ಬಂತು.

"ಸರ್, ತಡೀರಿ. ನೀವು ಹೇಳಬ್ಯಾಡ್ರಿ."

ಎಲ್ಲರೂ ಆ ಕಡೆ ತಿರುಗಿದೆವು. ನೀಲಾ ಹಲಿಗೆಯನ್ನು ಬದಿಗೆ ಸರಿಸಿದ್ದಳು.

"ಅಜ್ಜಾ, ನಿನ್ನ ಚುಕ್ಕಿ ಮುಂದ ನಲವತ್ತಾದ್ರ ಒಂದು ಅಕ್ಕೈತಿ. ಪುಸ್ತಕದ ಚುಕ್ಕಿ ಮುಂದ ನೂರಾದ್ರ ಒಂದು ಅಕ್ಕೈತಿ. ಅದಕ್ಕs ಅದು ನಲವತ್ತಕ್ಕ ನಿಂತೈತಿ. ಅದಕ್ಕ ಇನ್ನೂ ಅರವತ್ತು ಬೇಕು." ತಂದೆಯ ಕಡೆ ಕಣ್ಣು ಹೊರಳಿಸಿ, "ಅಪ್ಪಾ, ನಿನ್ನ ಕ್ರಿಕೆಟ್ಟಿನ್ಯಾಗ ಮೂರು ಚುಕ್ಕಿ ನಾಕು ಓವರು, ಎರಡು ಚುಕ್ಕಿ ನಾಕು ಓವರು ಕೂಡ್ಸಿದ್ರ ಎಷ್ಟ?"

"ಆರು ಚುಕ್ಕಿ ಎರಡು" ಎಂದರು ನಮ್ಮ ಮನೆಯವರು, ಅದಕ್ಕೊಂದು ಯೋಚನೆ ಬೇಕೇ ಎನ್ನುವಂತೆ.

"ಅಲ್ಲಿ ಆರಕ್ಕ ಒಂದು. ಗಡಿಯಾರದಾಗ ಅರವತ್ತಕ್ಕ ಒಂದು. ಅಜ್ಜನ ಸೇರಿನ್ಯಾಗ ಹದಿನಾರಕ್ಕ ಒಂದು. ಚುಕ್ಕಿ ಎಲ್ಲಾಕಡೆ ಒಂದs ಕಾಣತೈತಿ, ಆದ್ರ ಪ್ರತಿ ಚುಕ್ಕಿ ಮುಂದ ಬ್ಯಾರೆ ಬ್ಯಾರೆ ಊರು. ನಾ ನಮ್ಮೂರ ಲೆಕ್ಕಾನ ಅವರೂರಾಗ ಮಾಡೀನಿ. ಹೌದಲ್ರಿ ಸರ್?"

ನದಾಫ ಸರ್ ಟೋಪಿ ಹಾಕಿಕೊಂಡರು. "ಹೌದು ಬೇಟಿ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಯಾರ್ರಿ ಈಕಿಗೆ ಗಣಿತ ಬಿಡಸಬೇಕು ಅಂದಾವ್ರು?" ಎಂದು ಕೇಳಿದರು. ಶಿವಾನಂದ ಅಂದು ಬಂದಿರಲಿಲ್ಲ, ಅವನ ಪುಣ್ಯ.

ಹೆಮ್ಮೆಯ ವಿಷಯ ಹೇಳಿಕೊಳ್ಳಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಿದ್ದಳು ನನ್ನಜ್ಜಿ. ಹಾಗೆಂದು ಹೇಳುತ್ತಲೇ ತನ್ನ ಎಮ್ಮೆಯ ಹಾಲಿನ ಕೆನೆಯನ್ನು ಊರಿಗೆಲ್ಲ ತೋರಿಸಿ ಬರುತ್ತಿದ್ದಳು. ನಾನೂ ಅವಳ ಮೊಮ್ಮಗಳೇ. ಆ ವಾರ ಗ್ರಂಥಾಲಯಕ್ಕೆ ಪೇಪರು ಓದಲು ಬಂದ ಒಬ್ಬರನ್ನೂ ನಾನು ಈ ಚುಕ್ಕಿಯ ಕತೆ ಕೇಳಿಸದೆ ಬಿಡಲಿಲ್ಲ. ಪೇಪರು ಮನೆಗೆ ತರಿಸಿಕೊಳ್ಳುವುದು ಮೇಲು ಎಂದು ಒಬ್ಬಿಬ್ಬರು ಯೋಚಿಸಿರಬೇಕು.

ಪುಸ್ತಕದ ಫೈಸಲಾ ಬಾಕಿ ಇತ್ತು. ಈ ಸಲ ಮೊದಲ ಬಾರಿಗೆ ಅವಳನ್ನೇ ಕೇಳಿದೆವು.

"ನನಗ ಕನ್ನಡದ್ದs ಬೇಕು" ಅಂದಳು.

"ಯಾಕವಾ? ಸಸಾರ ಅಂತೇನು?" ಎಂದು ನದಾಫ ಸರ್ ಕೆಣಕಿದರು.

"ಸಸಾರೇನಿಲ್ರಿ. ಇಂಗ್ಲಿಷಿನ ಪುಸ್ತಕದಾಗ ನಾ ಒಬ್ಬಾಕಿನs ತಪ್ಪ ಮಾಡಬೇಕಾಕೈತಿ. ಇದರಾಗ ಎಲ್ಲಾರೂ ಕೂಡಿ ಮಾಡ್ತೇವಿ. ಅಜ್ಜನ ಜೋಡಿ ಜಗಳಾ ತಗ್ಯಾಕ ಕನ್ನಡ ಪುಸ್ತಕನs ಬೇಕು."

ಪಠ್ಯಕ್ರಮ ಆರಿಸುವುದು ಹೇಗೆ ಎಂದು ಮೊಬೈಲಿನಲ್ಲಿ ನಾನು ಓದಿದ ಯಾವ ಸಲಹೆಯಲ್ಲೂ ಈ ಕಾರಣ ಇರಲಿಲ್ಲ. ಆದರೆ ಅಂದಿನಿಂದ ಹತ್ತನೆಯ ಇಯತ್ತೆಯವರೆಗೆ ನಮ್ಮ ಮನೆಯ ಶಾಲೆ ನಡೆದದ್ದು ಈ ಒಂದು ಕಾನೂನಿನ ಮೇಲೆ. ಲೆಕ್ಕವನ್ನು ಗಟ್ಟಿಯಾಗಿ ಓದಬೇಕು; ಪಡಸಾಲೆಯಲ್ಲಿದ್ದವರು ಒಂದೊಂದು ಉತ್ತರ ಹೇಳಬೇಕು; ಹೇಳಿದವರು ಯಾಕೆಂದು ಹೇಳಬೇಕು; ನೀಲಾ ಎಲ್ಲರನ್ನೂ ಕೇಳಿ ತನ್ನದನ್ನು ಕಡೆಗೆ ಬರೆಯಬೇಕು. ಎಲೆಯ ಸಂಚಿಯೂ ಮೊರವೂ ಪಾಠದ ಸಾಮಾನುಗಳಾದವು. ಹಾಲು ಹಾಕಲು ಬಂದವರೂ ಒಂದು ಉತ್ತರ ಕೊಡದೆ ಹೋಗುವಂತಿರಲಿಲ್ಲ. ಭಾನುವಾರ ನದಾಫ ಸರ್ ಬಂದು ವಾರದ ಜಗಳಗಳನ್ನೆಲ್ಲ ಬಿಡಿಸಿ, ಎರಡು ಹೊಸ ಜಗಳ ಹಚ್ಚಿ ಹೋಗುತ್ತಿದ್ದರು. ಶಿವಾನಂದನ ಪುಸ್ತಕವನ್ನೂ ಕೈಬಿಡಲಿಲ್ಲ; ರೇಖಾಗಣಿತದ ಚಿತ್ರ ಅದರಲ್ಲಿ ಚೆಂದ ಇದ್ದವು.

ಬೀಜಗಣಿತ ಬಂದ ದಿನ ಮಾವನವರು ಸೋತರು. ಎಕ್ಸು, ವಾಯಿ ನೋಡಿ ಕನ್ನಡಕ ತೆಗೆದರು. "ಲೆಕ್ಕದಾಗ ಅಕ್ಷರಾ ಯಾಕ ಬಂದ್ವು? ಅಕ್ಷರಾ ನಿಮ್ಮವ್ವಗ ಕೇಳು, ಆಕಿ ಬಿ.ಎ. ಮಾಡ್ಯಾಳ." ಹಾಗೆ ಅದು ನನ್ನ ಪಾಲಿಗೆ ಬಂತು. ನಾನು ಮಗಳ ಮಂಚದ ಬದಿಗೆ ನೆಲದ ಮೇಲೆ ಕೂತು, ಅವಳಿಗಿಂತ ಒಂದೇ ಪಾಠ ಮುಂದೆ ಇರಲು ಹೆಣಗಿದೆ. ಕೆಲವು ಸಲ ಅವಳೇ ಒಂದು ಪಾಠ ಮುಂದಿರುತ್ತಿದ್ದಳು. ಆಗ ನಾನು ಒಗ್ಗರಣೆ ಸೀದೀತು ಎಂದು ಎದ್ದು ಹೋಗುತ್ತಿದ್ದೆ. ಒಲೆಯ ಮೇಲೆ ಏನೂ ಇರದಿದ್ದರೂ.

ಋಣಕ್ಕೆ ಋಣ ಗುಣಿಸಿದರೆ ಧನ ಎಂಬಲ್ಲಿ ದೊಡ್ಡ ಕದನ. ನಮ್ಮ ಮನೆಯವರು, "ವೈರಿಯ ವೈರಿ ಗೆಳೆಯಾ ಅಂತಾರಲ್ಲಲೇ, ಹಂಗ" ಅಂದರು. "ಅಪ್ಪಾ, ಅದು ರಾಜಕಾರಣ, ಲೆಕ್ಕ ಅಲ್ಲ" ಎಂದು ಮಗಳು ತಳ್ಳಿಹಾಕಿದಳು. ಆಗ ಅವಳು ಬೆಲ್ಟ್ ಕಟ್ಟಿಕೊಂಡು ಕೂರುವಷ್ಟು ಆಗಿದ್ದಳು. ಹಲವು ದಿನ ಮಂಕಾಗಿ ತಿರುಗಿದಳು. ಒಂದು ಮುಂಜಾನೆ ನಾನು ಹಿಟ್ಟು ನಾದುವಾಗ ಬಂದು, ನನ್ನ ಮುಂದೆ ಚೆಲ್ಲಿದ್ದ ಹಿಟ್ಟಿನಲ್ಲಿ ಬೆರಳಿಂದ ಬರೆಯತೊಡಗಿದಳು. ಮೂರನ್ನು ಋಣ ಎರಡರಿಂದ ಗುಣಿಸಿದರೆ ಋಣ ಆರು. ಎರಡನ್ನು ಗುಣಿಸಿದರೆ ಋಣ ನಾಲ್ಕು. ಒಂದನ್ನು, ಋಣ ಎರಡು. ಸೊನ್ನೆಯನ್ನು, ಸೊನ್ನೆ.

"ನೋಡಬೇ ಯವ್ವಾ, ಪ್ರತಿ ಮೆಟ್ಟಲಕ್ಕ ಎರಡೆರಡು ಏರಿಕೋತ ಬಂದೈತಿ. ಸೊನ್ನಿಗೆ ಬಂದ ಕೂಡ್ಲೆ ಅದು ಯಾಕ ನಿಲ್ಲಬೇಕು? ಮುಂದಿನದು ಋಣ ಒಂದು. ಉತ್ತರಾ ಧನ ಎರಡs ಆಗಬೇಕಲ್ಲ. ಇಲ್ಲಾಂದ್ರ ನಡಿಗಿ ಕೆಡತೈತಿ."

ನಾನು ಆ ಹಿಟ್ಟನ್ನು ಒಡನೆ ನಾದಲಿಲ್ಲ. ಅತ್ತೆ ಬಂದು, "ಇವತ್ತೇನ ರೊಟ್ಟಿ ಇಲ್ಲೇನ?" ಎಂದು ಕೇಳುವವರೆಗೆ ಹಾಗೇ ಬಿಟ್ಟಿದ್ದೆ. ನನ್ನ ಶಾಲೆಯ ದಿನಗಳಲ್ಲಿ ಇದನ್ನು ಯಾರಾದರೂ ಹೀಗೆ ತೋರಿಸಿದ್ದರೆ ನನ್ನ ಪಾಲಿನ ಶೇಂಗಾ ಎಷ್ಟೋ ಕಡಿಮೆಯಾಗುತ್ತಿತ್ತು.

ಹತ್ತನೆಯದರ ವಿಷಯ ಬರೆಸುವ ಕಾಲ ಬಂತು. ಶಿವಾನಂದ ಫೋನು ಮಾಡಿದ. ನಾನು ಸ್ಪೀಕರಿಗೆ ಹಾಕಿ ಎಲ್ಲರ ನಡುವೆ ಇಟ್ಟೆ.

"ವೈನಿ, ಕಡೀ ಸಲ ಹೇಳ್ತೀನಿ. ಮನ್ಯಾಗ ಜಗಳಾಡೂದು ಬ್ಯಾರೆ, ಪರೀಕ್ಷಾ ಹಾಲಿನ್ಯಾಗ ಒಬ್ಬಾಕಿನs ಕುಂತು ಬರಿಯೂದು ಬ್ಯಾರೆ. ಗಣಿತ ಬಿಡ್ಸ್ರಿ. ಕೆಟ್ಟರ ನೀವs ಹಳಹಳಸ್ತೀರಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮನೆಮಂದಿಯ ನಡುವೆ ಈಜಿದ ಹುಡುಗಿ, ಹೊಳೆಗೆ ಒಬ್ಬಳೇ ಇಳಿಯಬೇಕು. ಅಷ್ಟರಲ್ಲಿ ನೀಲಾ ಬಗ್ಗಿ ಫೋನಿಗೆ ಹೇಳಿದಳು:

"ಕಾಕಾ, ಒಬ್ಬಾಕಿನs ಕುಂದ್ರತೀನಿ ಖರೇ. ಆದ್ರ ಲೆಕ್ಕ ಓದಿದ ಕೂಡ್ಲೆ ಅಜ್ಜ ಏನಂತಾನ, ಅಪ್ಪ ಏನಂತಾನ, ಅವ್ವ ಎಲ್ಲಿ ತಪ್ಪತಾಳ ಅಂತ ನನಗ ಎಲ್ಲಾ ಕೇಳಸತೈತಿ. ಅವರೆಲ್ಲಾರ ತಪ್ಪ ಬಿಟ್ಟು ಉಳದದ್ದು ಬರೀತೀನಿ."

"ಅಣ್ಣಾ, ನಿನ್ನ ಮಗಳು ಭಾಳ ಮಾತ ಕಲತಾಳಪಾ" ಎಂದು ಶಿವಾನಂದ ಫೋನಿಟ್ಟ. ಗಣಿತ ಬರೆಸಿದೆವು.

ಪರೀಕ್ಷೆಯ ದಿನ ನಾನು ಮತ್ತು ನಮ್ಮ ಮನೆಯವರು ಧಾರವಾಡದಲ್ಲಿ ಪರೀಕ್ಷೆ ನಡೆದ ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಬಂದ ತಂದೆತಾಯಿಗಳೆಲ್ಲ ದೇವರ ನಾಮ ಹೇಳುತ್ತಿದ್ದರೆ ನನ್ನ ಬಾಯಲ್ಲಿ ಮಾತ್ರ ದೀಡದ ಮಗ್ಗಿ. ಹೊರಗೆ ಬಂದವಳ ಮುಖ ಹುಳ್ಳಗಿತ್ತು.

"ಏನಾತವಾ?"

"ಒಂದು ಲೆಕ್ಕಾ ಭಾಳ ಉದ್ದಾ ಕೊಟ್ಟಿದ್ರು. ಎರಡು ರೀತಿ ಮಾಡಿ ನೋಡಿದೆ, ಎರಡೂ ಕೂಡಿದ್ವು. ಹಸಿವ್ಯಾಗೈತಿ ಯವ್ವಾ."

ಮುಖ ಹುಳ್ಳಗಾದದ್ದು ಹಸಿವೆಗೆ. ಅಲ್ಲೇ ಬುತ್ತಿ ಬಿಚ್ಚಿದೆವು.

ಫಲಿತಾಂಶ ಬಂತು. ಎಲ್ಲ ವಿಷಯಗಳಲ್ಲೂ ಚೆನ್ನಾಗಿ ಪಾಸಾಗಿದ್ದಳು. ಗಣಿತದಲ್ಲಿ ಎಲ್ಲಕ್ಕಿಂತ ಹೆಚ್ಚು. ಕನ್ನಡದಲ್ಲಿ ಎಲ್ಲಕ್ಕಿಂತ ಕಡಿಮೆ. ಕನ್ನಡ ಕಲಿಸಿದವಳು ನಾನು, ಅದನ್ನು ನೀವು ಇಷ್ಟರಲ್ಲಿ ಮರೆತಿದ್ದರೆ ಒಳ್ಳೆಯದು. ಕುಬಿಹಾಳದ ಆ ತಾಯಿಗೆ ನಾನು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವಳ ಬಸ್ಸು ಹೋಗಿಬಿಟ್ಟಿತ್ತು. ಅವಳು ಹೊಸ್ತಿಲಲ್ಲೇ ನಿಂತು ಇನ್ನೊಂದು ಸಲ ಕೇಳಿದಳು: "ಹಂಗಾರ ಯಾವ ಪುಸ್ತಕ ಅಕ್ಕಾರ?" ಮನೆಯಲ್ಲಿ ಯಾರಾರಿದ್ದಾರೆ, ಯಾವ ಮಾತಿನಲ್ಲಿ ಜಗಳಾಡುತ್ತೀರಿ ನೋಡಿಕೊಂಡು ಆರಿಸಿರಿ ಎಂದೆ.

ಫಲಿತಾಂಶ ಬಂದ ಆ ಜೂನ್ ತಿಂಗಳಲ್ಲಿ ನಾನು ನೀಲಾಳನ್ನು ಕರೆದುಕೊಂಡು ಕಾಲೇಜಿಗೆ ಪ್ರವೇಶಕ್ಕೆ ಹೋದೆ. ಸಾಲು ಉದ್ದವಿತ್ತು. ಕಿಟಕಿಯ ಒಳಗಿದ್ದವರು ವಯಸ್ಸಾದ ಗುಮಾಸ್ತರು, ದನಿ ಮೆತ್ತಗೆ. ಅವಳ ಕಾಗದ ನೋಡಿ, "ಶಾಲಿಗೆ ಹೋಗಿಲ್ಲೇನವಾ ತಂಗಿ?" ಎಂದು ಕೇಳಿದರು.

"ಇಲ್ರಿ. ಮನ್ಯಾಗ ಓದೀನ್ರಿ."

"ಹಂಗಾರ ಕಲಾ ಬರೀಲೇನು? ಆರಾಮ ಅಕ್ಕೈತಿ ನಿನಗ."

ನಾನು ಮುಂದೆ ಬಗ್ಗಿ ಏನೋ ಹೇಳಲು ಹೋದೆ. ನೀಲಾ ನನ್ನ ಮುಂಗೈ ಹಿಡಿದು ಮೆಲ್ಲಗೆ ಹಿಂದೆ ಸರಿಸಿದಳು.

"ವಿಜ್ಞಾನ ಬರೀರಿ" ಅಂದಳು. "ಗಣಿತ ಇರೋದು."

ಅವರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿದರು. ಅಂಕದ ಕಾಗದವನ್ನೊಮ್ಮೆ ನೋಡಿದರು. ಬರೆದರು, ಠಸ್ಸೆ ಒತ್ತಿದರು, "ಮುಂದಿನವ್ರು ಬರ್ರಿ" ಅಂದರು.